ಎಂ.ಎ ಮಾಡಿ, ರಾಜೀನಾಮೆ ಮಾತ್ರ ಈಗಲೇ ಬೇಡ

ಓದುಗರ ಪತ್ರ: ಬಿ.ಕಾಂ ಮುಗಿಸಿ ಬೆಂಗಳೂರಿನ ನಾಗವಾರದ ಹತ್ತಿರ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದೇನೆ. ವಯಸ್ಸು 28. ರಾಜ್ಯಶಾಸ್ತ್ರದಲ್ಲಿ ಎಂ.ಎ ಮಾಡುವ ಆಸೆ. ಯುಪಿಎಸ್‌ಸಿಗೂ ಆಗುತ್ತೆ, ಆಗದಿದ್ದರೆ ಲೆಕ್ಚರರ್ ಆಗಬಹುದು. ಅಪ್ಪ, ‘ರಾಜಕೀಯ ತಿಳ್ಕೊಳ್ಳೋಕೆ ಪೇಪರ್ ಓದಿದ್ರೆ ಸಾಲದಾ’ ಅಂತಾರೆ. 2020ರಿಂದ ವರ್ಷಗಟ್ಟಲೆ ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇಲ್ಲದೆ ನಡೆದದ್ದು ಹೇಗೆ ಅನ್ನೋದು ನನಗೆ ಇನ್ನೂ ಅರ್ಥವಾಗಿಲ್ಲ. ಕೆಲಸ ಬಿಡಲಾ?

ಸಂಪಾದಕರ ಉತ್ತರ: ಮೊದಲು ಯುಪಿಎಸ್‌ಸಿ ಮಾತು ಮುಗಿಸೋಣ. ಅದಕ್ಕೆ ಯಾವುದೇ ಪದವಿ ಸಾಕು, ನಿಮ್ಮ ಬಿ.ಕಾಂ ಧಾರಾಳವಾಗಿ ನಡೆಯುತ್ತದೆ. ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತಗೊಂಡರೆ ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ 500 ಅದರದ್ದು, ನಿಜ. ಆದರೆ ಅದನ್ನು ಬರೆಯೋಕೆ ಎಂ.ಎ ಬೇಕಿಲ್ಲ. ಹಾಗಾಗಿ ಈ ಕಾರಣವನ್ನು ಪಟ್ಟಿಯಿಂದ ತೆಗೆದುಬಿಡಿ.

ಲೆಕ್ಚರರ್ ಕೆಲಸವನ್ನು ‘ಆಗದಿದ್ದರೆ’ ಅಂತ ಬರೆದಿದ್ದೀರಲ್ಲ, ಅದು ಸ್ವಲ್ಪ ಬೇಸರ ತಂದಿತು. ಡಿಗ್ರಿ ಕಾಲೇಜಿಗೆ ಎಂ.ಎನಲ್ಲಿ ಶೇ. 55 ಅಂಕ, ಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲಾತಿ ಇದ್ದರೆ ಶೇ. 50. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕೆ-ಸೆಟ್ ಕನ್ನಡದಲ್ಲೂ ಇರುತ್ತದೆ. ಪಿಯು ಕಾಲೇಜಿಗಾದರೆ ಬಿ.ಎಡ್ ಕೂಡ ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೂ ಎಷ್ಟೋ ಜನ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಪಾಠ ಮಾಡುವುದು ನಿಜಕ್ಕೂ ಇಷ್ಟ ಇದ್ದರೆ ಮಾತ್ರ ಆ ದಾರಿ.

ನನಗೆ ನಿಮ್ಮ ಪತ್ರ ಹಿಡಿಸಿದ್ದು ವಾರ್ಡಿನ ಪ್ರಶ್ನೆಗೆ. ಪಾಲಿಕೆಯ ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನವೇ ಹೇಳುತ್ತದೆ, 243-ಯು ವಿಧಿ, 74ನೇ ತಿದ್ದುಪಡಿಯಲ್ಲಿ ಬಂದದ್ದು. ಆದರೂ 2015ರಲ್ಲಿ ಗೆದ್ದವರು 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದರು, ಕುರ್ಚಿಗೆ ಆಡಳಿತಾಧಿಕಾರಿ ಬಂದರು. ಆಮೇಲೆ 198 ವಾರ್ಡು 243 ಆಯಿತು, ಮತ್ತೆ 225 ಆಯಿತು, ನಡುವೆ ಮೀಸಲಾತಿ ಪಟ್ಟಿಯ ಜಗಳ, ಕೋರ್ಟು, ಕೊನೆಗೆ 2025ರಲ್ಲಿ ಪಾಲಿಕೆಯನ್ನೇ ಐದು ಮಾಡಿದರು. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಸರಿ. ಆದರೆ ವಾರ್ಡಿನ ಗಡಿ ಎಳೆಯುವುದು, ಮೀಸಲಾತಿ ಪಟ್ಟಿ ಮಾಡುವುದು ಸರ್ಕಾರದ ಕೈಯಲ್ಲಿದ್ದರೆ ಆಯೋಗ ಸುಮ್ನೆ ಕಾಯುತ್ತಾ ಕೂರಬೇಕು, ಅಲ್ವಾ? ವಾರ್ಡಿನಲ್ಲಿ ತಮ್ಮ ಮಾತೇ ನಡೆಯುವಾಗ ಶಾಸಕರಿಗೆ ಕಾರ್ಪೊರೇಟರ್ ಯಾಕೆ ಬೇಕು ಅನ್ನುವ ಪ್ರಶ್ನೆಯೂ ಇದೆ. ಅಪ್ಪನಿಗೆ ಇದನ್ನೇ ಹೇಳಿ. ಇದೆಲ್ಲ ಪೇಪರಿನಲ್ಲಿ ಬಂತು, ಬಿಡಿಬಿಡಿಯಾಗಿ, ಐದು ವರ್ಷದ ಉದ್ದಕ್ಕೂ. ಜೋಡಿಸಿ ನೋಡೋಕೆ ಒಂದು ಅಭ್ಯಾಸ ಬೇಕು, ಎಂ.ಎ ಕಲಿಸುವುದು ಅದನ್ನು.

ಒಂದು ಎಚ್ಚರಿಕೆ. ತರಗತಿಗೆ ಹೋದ ಮೊದಲ ದಿನವೇ ನಿಮ್ಮ ವಾರ್ಡು ಬರಲ್ಲ. ಪ್ಲೇಟೋ ಬರುತ್ತಾನೆ, ಹಾಬ್ಸ್ ಬರುತ್ತಾನೆ, ಸಂಶೋಧನಾ ವಿಧಾನ ಅಂತ ಒಂದು ಒಣ ಪೇಪರ್ ಬರುತ್ತದೆ. ಒಳ್ಳೆಯ ಪುಸ್ತಕಗಳು ಹೆಚ್ಚಿನವು ಇಂಗ್ಲಿಷ್‌ನಲ್ಲೇ ಇವೆ. ಅದಕ್ಕೇ ಸೇರುವ ಮುಂಚೆ ಒಂದು ಕೆಲಸ ಮಾಡಿ. ಸಂವಿಧಾನ ರಚನಾ ಸಭೆಯ ಚರ್ಚೆಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹಳ್ಳಿಗಳ ಬಗ್ಗೆ ಅಂಬೇಡ್ಕರ್ 1948ರ ನವೆಂಬರ್ 4ರಂದು ಖಾರವಾಗಿ ಆಡಿದ ಮಾತು ಓದಿ, ಆಮೇಲೆ ಉಳಿದ ಸದಸ್ಯರು ಅದಕ್ಕೆ ತಿರುಗಿಬಿದ್ದದ್ದು ಓದಿ. ಅದೇ ತಿಂಗಳು ಪಂಚಾಯ್ತಿಯ ವಿಧಿ ಸೇರಿಕೊಂಡಿತು. ಎಸ್.ಆರ್. ಬೊಮ್ಮಾಯಿ ಪ್ರಕರಣದ 1994ರ ಸುಪ್ರೀಂ ಕೋರ್ಟ್ ತೀರ್ಪಿಗೂ ಕೈ ಹಾಕಿ. 1989ರಲ್ಲಿ ನಮ್ಮದೇ ರಾಜ್ಯದ ಬೊಮ್ಮಾಯಿ ಸರ್ಕಾರ ವಜಾ ಆದ ಕಥೆ ಅದು, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು ಅಂದ ತೀರ್ಪು. ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲೂ ಇವನ್ನು ಓದಬೇಕು ಅನ್ನಿಸಿದರೆ ಧೈರ್ಯವಾಗಿ ಸೇರಿ. ನಿದ್ದೆ ಬಂದರೆ ಫೀಸ್ ಉಳಿಯಿತು.

ಕೆಲಸ ಉಳಿಸಿಕೊಳ್ಳಬೇಕಾದರೆ ದೂರಶಿಕ್ಷಣದ ಇಗ್ನೋ ಇದೆ, ಯಾವ ಪದವಿ ಆದವರೂ ಸೇರಬಹುದು, ಕನಿಷ್ಠ 2 ವರ್ಷ. ಆದರೆ ಜಗಳವಾಡೋಕೆ ಸಹಪಾಠಿಗಳು ಸಿಗುವುದು ಕಷ್ಟ, ಈ ವಿಷಯದಲ್ಲಿ ಅದು ದೊಡ್ಡ ನಷ್ಟವೇ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಂಥ ಕಡೆ ರೆಗ್ಯುಲರ್ ಓದಿದರೆ ಅದು ಸಿಗುತ್ತದೆ, ಪಕ್ಕದಲ್ಲೇ ನಾಗರಬಾವಿಯ ಐಸೆಕ್ ಅನ್ನುವ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆಯೂ ಇದೆ. ಸಂಬಳ ಮಾತ್ರ ಇರಲ್ಲ. ಡಿಗ್ರಿಯಲ್ಲಿ ರಾಜ್ಯಶಾಸ್ತ್ರ ಓದದವರನ್ನು ತಗೊಳ್ತಾರಾ ಅನ್ನುವುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಪ್ರವೇಶದ ಪ್ರಕಟಣೆ ಬಂದಾಗ ಅದನ್ನು ವಿಭಾಗಕ್ಕೇ ಹೋಗಿ ಕೇಳಿಕೊಂಡು, ಸೀಟು ಸಿಕ್ಕ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿ.