ಕಣ್ಣು ಮುಚ್ಚಿ ಕುಳಿತರೆ ಯೋಚನೆಗಳೇ ಮುತ್ತಿಕೊಳ್ಳುತ್ತವೆ, ಏನು ಮಾಡಲಿ?

ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಅನುಭವವನ್ನು ಎಚ್ಚರದಿಂದ ಗಮನಿಸುವ ಅಭ್ಯಾಸದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ನಮ್ಮ ಆಪ್ತಸಮಾಲೋಚಕಿ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಕೆಲವು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ಉಸಿರನ್ನು ಗಮನಿಸುತ್ತಾ ಕೂರುವ ಪ್ರಯತ್ನ ಮಾಡುತ್ತಿದ್ದೇನೆ. ಮುಗಿಸಬೇಕಾದ ಕೆಲಸ, ಕಟ್ಟಬೇಕಾದ ಬಿಲ್ಲು, ಯಾವಾಗಲೋ ಯಾರೋ ಆಡಿದ ಚುಚ್ಚುಮಾತು, ಎಲ್ಲವೂ ಆಗಲೇ ನೆನಪಾಗುತ್ತವೆ. ಒಂದು ನಿಮಿಷವೂ ಮನಸ್ಸು ಖಾಲಿಯಾಗುವುದಿಲ್ಲ. ನನ್ನಂಥವರಿಗೆ ಇದು ಒಗ್ಗುವುದಿಲ್ಲವೇ?

ಉತ್ತರ: ಮನಸ್ಸನ್ನು ಖಾಲಿ ಮಾಡುವುದು ಈ ಅಭ್ಯಾಸದ ಗುರಿಯೇ ಅಲ್ಲ. ಯಾರು ಹಾಗೆಂದು ಹೇಳಿಕೊಟ್ಟಿದ್ದರೂ ಆ ನಿರೀಕ್ಷೆಯನ್ನು ಇಂದೇ ಕೈಬಿಡಿ. ಈ ಒಂದು ತಪ್ಪು ಕಲ್ಪನೆಯಿಂದಾಗಿ ಎಷ್ಟೋ ಮಂದಿ ಕೆಲವು ದಿನ ಕುಳಿತು, ‘ನನ್ನಿಂದಾಗದು’ ಎಂದು ಎದ್ದುಬಿಡುತ್ತಾರೆ ಎನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಯೋಚಿಸುವುದು ಮನಸ್ಸಿನ ಸಹಜ ಗುಣ. ಕುಳಿತಾಗ ಯೋಚನೆಗಳು ಹೆಚ್ಚಾದಂತೆ ಅನಿಸುವುದಕ್ಕೆ ಮುಖ್ಯ ಕಾರಣವೆಂದರೆ, ಉಳಿದ ಹೊತ್ತಿನಲ್ಲಿ ಅವು ಅಷ್ಟೇ ಇದ್ದರೂ ಅವುಗಳ ಮೇಲೆ ನಮ್ಮ ಕಣ್ಣಿರುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ’ ಎಂದು ಕೇಳಲಾಗಿತ್ತು. ಸುಮಾರು 47 ಶೇಕಡಾ ಸಂದರ್ಭಗಳಲ್ಲಿ ಅವರ ಮನಸ್ಸು ಮಾಡುತ್ತಿದ್ದ ಕೆಲಸವನ್ನು ಬಿಟ್ಟು ಬೇರೆಲ್ಲೋ ಇತ್ತು. ಹೀಗಿರುವಾಗ ನಿಮ್ಮೊಬ್ಬರ ಮನಸ್ಸಿನ ಮೇಲೆ ಏಕೆ ತಪ್ಪು ಹೊರಿಸುತ್ತೀರಿ?

ಕುಳಿತಾಗ ನಿಜವಾಗಿ ನಡೆಯುವುದೇನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಮೂಗಿನ ಹೊಳ್ಳೆಗಳಲ್ಲಿ ಗಾಳಿ ತಂಪಾಗಿ ಒಳಬಂದು ತುಸು ಬೆಚ್ಚಗೆ ಹೊರಹೋಗುವುದನ್ನು ಗಮನಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಮೂರನೆಯದೋ ನಾಲ್ಕನೆಯದೋ ಉಸಿರಿನ ಹೊತ್ತಿಗೆ ನೀವು ಅಲ್ಲಿಲ್ಲ. ನಿನ್ನೆ ಮಾತಿನಲ್ಲಿ ಸೋಲಿಸಿದವರಿಗೆ ಇಂದು ಒಳಗೊಳಗೇ ಉತ್ತರ ಕೊಡುತ್ತಿದ್ದೀರಿ, ಹಲ್ಲು ಕಚ್ಚಿದೆ, ಭುಜ ಮೇಲೇರಿದೆ, ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿದೆ. ಆಮೇಲೆ ಇದ್ದಕ್ಕಿದ್ದಂತೆ, ‘ಅರೆ, ನಾನು ಎಲ್ಲಿಗೋ ಹೋಗಿಬಿಟ್ಟೆ’ ಎಂದು ಹೊಳೆಯುತ್ತದೆ. ಹೊಳೆದ ಆ ಕ್ಷಣವನ್ನೇ ನೀವು ಸೋಲೆಂದು ಲೆಕ್ಕ ಹಾಕುತ್ತಿದ್ದೀರಿ, ಆದರೆ ಇಡೀ ಅಭ್ಯಾಸ ಬೆಳೆಸಲು ಹೊರಟಿರುವುದು ಅದನ್ನೇ. ಮನಸ್ಸು ಹೋದದ್ದು ತಿಳಿಯಿತು, ಮೈ ಬಿಗಿದದ್ದು ತಿಳಿಯಿತು, ಮತ್ತೆ ಉಸಿರಿಗೆ ಮರಳಿದಿರಿ. ಹತ್ತು ನಿಮಿಷದಲ್ಲಿ ಇದು ಮೂವತ್ತು ಸಲ ನಡೆದರೆ ಮೂವತ್ತು ಸಲವೂ ಅಭ್ಯಾಸವಾಯಿತು ಎಂದೇ ಅರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಷ್ಟು ಹಿಂದೆಯೇ, ಅಲೆಯುವ ಗಮನವನ್ನು ಮತ್ತೆ ಮತ್ತೆ ಬೇಕೆಂದೇ ಕರೆತರುವ ಶಕ್ತಿ ವಿವೇಕಕ್ಕೂ ಸ್ವಭಾವಕ್ಕೂ ಸಂಕಲ್ಪಕ್ಕೂ ಬೇರಿನಂತೆ ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದಾರೆ.

ಮರಳುವಾಗ ನಿಮ್ಮನ್ನು ನೀವು ಗದರಿಕೊಳ್ಳುತ್ತೀರೋ ಇಲ್ಲವೋ ಎಂಬುದನ್ನೂ ಗಮನಿಸಿ. ‘ಛೆ, ಮತ್ತೆ ತಪ್ಪಿತು’ ಎಂಬ ಉದ್ಗಾರವೂ ಒಂದು ಯೋಚನೆಯೇ. ಅದು ಬಂದುದನ್ನು ತಿಳಿದು, ಅದರೊಂದಿಗೆ ವಾದಕ್ಕಿಳಿಯದೆ ಮುಂದುವರಿದರೆ ಸಾಕು. ಎದ್ದ ಮೇಲೆ ‘ಇಂದು ಶಾಂತಿ ಸಿಕ್ಕಿತೇ’ ಎಂದು ಅಂಕ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಕೆಲವು ವಾರಗಳ ಮಟ್ಟಿಗಾದರೂ ಅದನ್ನು ನಿಲ್ಲಿಸಿ. ಶಾಂತಿ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಚಡಪಡಿಕೆಯಲ್ಲಿ ಕಳೆದ ಬೆಳಗೂ ಕೆಟ್ಟ ಅಭ್ಯಾಸವಾಗುವುದಿಲ್ಲ.

ಪ್ರಶ್ನೆ: ನಾನು ದೇವರನ್ನು ನಂಬುವವನಲ್ಲ. ಇದು ಯಾವುದಾದರೂ ಧರ್ಮಕ್ಕೆ ಸೇರಿದ ಸಾಧನೆಯೇ?

ಉತ್ತರ: ಇದರ ಮೂಲ ಬೌದ್ಧ ಪರಂಪರೆಯಲ್ಲಿದೆ. ದೇಹ, ಸಂವೇದನೆ, ಚಿತ್ತ ಮತ್ತು ಅನುಭವದ ವಿಷಯಗಳನ್ನು ಎಚ್ಚರದಿಂದ ನೋಡುವ ಕ್ರಮವನ್ನು ಪಾಲಿ ಭಾಷೆಯ ‘ಸತಿಪಟ್ಠಾನ ಸುತ್ತ’ ಎಂಬ ಬೌದ್ಧ ಉಪದೇಶದಲ್ಲಿ ವಿವರಿಸಲಾಗಿದೆ. ಇಂದು ಆಸ್ಪತ್ರೆಗಳಲ್ಲಿ ಕಲಿಸುವ ರೂಪ 1979ರದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಅವರು, ದೀರ್ಘಕಾಲದ ನೋವಿನಿಂದ ನರಳುತ್ತಿದ್ದ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವ ನಂಬಿಕೆಯನ್ನೂ ಕೇಳದ ಎಂಟು ವಾರಗಳ ತರಬೇತಿಯೊಂದನ್ನು ರೂಪಿಸಿದರು. ಉಸಿರಿನ ಗಮನ, ಕಾಲ್ಬೆರಳಿನಿಂದ ತಲೆಯವರೆಗೆ ಮೈಯ ಭಾಗಗಳನ್ನು ಒಂದೊಂದಾಗಿ ಗಮನಿಸುವುದು, ನಿಧಾನವಾದ ಆಸನಗಳು, ಒಂದೇ ಒಂದು ಒಣದ್ರಾಕ್ಷಿಯನ್ನು ಮೊದಲ ಬಾರಿಗೆ ಕಂಡವರಂತೆ ನೋಡಿ, ಮೂಸಿ, ನಿಧಾನವಾಗಿ ಅಗಿಯುವುದು ಇವೆಲ್ಲ ಅದರಲ್ಲಿವೆ. ನಂಬಿಕೆ ಇದ್ದವರಿಗೂ ಇಲ್ಲದವರಿಗೂ ಅಡ್ಡಿಯಿಲ್ಲ. ಆದರೂ ಮೂಲವನ್ನು ಮರೆಮಾಚಿ ಇದು ನಿನ್ನೆ ಮೊನ್ನೆ ಕಂಡುಹಿಡಿದ ತಂತ್ರವೆಂಬಂತೆ ಮಾರುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನನಗೆ ಏಳು ವರ್ಷದ ಮಗನಿದ್ದಾನೆ. ಸಂಜೆ ಅವನು ಹೋಂವರ್ಕ್ ಮಾಡುವುದಿಲ್ಲವೆಂದು ಹಟ ಹಿಡಿದಾಗ ನನಗೆ ತಡೆಯಲಾಗದಷ್ಟು ಸಿಟ್ಟು ಬಂದು ಕಿರುಚಿಬಿಡುತ್ತೇನೆ. ಆಮೇಲೆ ರಾತ್ರಿಯಿಡೀ ಪಶ್ಚಾತ್ತಾಪ. ಸಿಟ್ಟು ಬಾರದಂತೆ ಮಾಡಲು ಧ್ಯಾನದಿಂದ ಸಾಧ್ಯವೇ?

ಉತ್ತರ: ತಂಗಿ, ಸಿಟ್ಟೇ ಬಾರದ ಸ್ಥಿತಿಯನ್ನು ನಾನು ನಿಮಗೆ ಭರವಸೆ ಕೊಡಲಾರೆ. ಸಿಟ್ಟು ಬರುತ್ತಿದೆ ಎಂಬುದು ಕಿರುಚುವ ಮೊದಲೇ ನಿಮಗೆ ತಿಳಿಯುವಂತೆ ಮಾಡಲು ಮಾತ್ರ ಖಂಡಿತ ಸಾಧ್ಯ, ಮತ್ತು ಅಷ್ಟರಿಂದಲೇ ಮನೆಯಲ್ಲಿ ಬಹಳಷ್ಟು ಬದಲಾಗುತ್ತದೆ.

ಸಿಟ್ಟು ಬಾಯಿಗೆ ಬರುವ ಮೊದಲು ಮೈಯಲ್ಲಿ ಬಂದಿರುತ್ತದೆ. ಕೆಲವರಿಗೆ ಕಿವಿ ಬಿಸಿಯಾಗುತ್ತದೆ, ಕೆಲವರಿಗೆ ಗಂಟಲು ಬಿಗಿಯುತ್ತದೆ, ಕೆಲವರ ಕೈ ಹಿಡಿದುಕೊಂಡ ಪೆನ್ಸಿಲನ್ನು ಅಗತ್ಯಕ್ಕಿಂತ ಗಟ್ಟಿಯಾಗಿ ಒತ್ತುತ್ತದೆ. ನಿಮ್ಮದು ಯಾವುದೆಂದು ಈ ವಾರ ಸುಮ್ಮನೆ ಪತ್ತೆ ಮಾಡಿ, ಬದಲಿಸಲು ಹೋಗಬೇಡಿ. ಅದು ಗೊತ್ತಾದ ಮೇಲೆ, ಆ ಗುರುತು ಕಂಡ ಕೂಡಲೇ ‘ಸಿಟ್ಟು ಬರುತ್ತಿದೆ’ ಎಂದು ಮನಸ್ಸಿನಲ್ಲೇ ಹೆಸರಿಟ್ಟು ಹೇಳಿಕೊಳ್ಳಿ, ಎರಡೂ ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಒಂದು ಉಸಿರನ್ನು ಪೂರ್ತಿಯಾಗಿ ಹೊರಬಿಡಿ. ಹೆಸರಿಡುವುದರಿಂದ ಏನಾಗುತ್ತದೆ ಎಂದು ನಿಮಗನಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಚಿತ್ರದಲ್ಲಿನ ಮುಖ ತೋರುತ್ತಿದ್ದ ಭಾವನೆಗೆ ಹೆಸರಿಟ್ಟವರಲ್ಲಿ, ಭಯ ಮತ್ತು ಸಿಟ್ಟಿನಂಥ ಭಾವನೆಗಳಿಗೆ ಎಚ್ಚೆತ್ತುಕೊಳ್ಳುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾದದ್ದು ಕಂಡುಬಂದಿತ್ತು. ಪ್ರಯೋಗಾಲಯದ ಚಿತ್ರಕ್ಕೂ ಹಟ ಹಿಡಿದ ಮಗುವಿಗೂ ವ್ಯತ್ಯಾಸವಿದೆ, ನಿಜ. ಆದರೂ ಸಲಹೆ ಕೇಳಿ ಬರುವವರಲ್ಲಿ ಈ ಸಣ್ಣ ಉಪಾಯ ಕೆಲಸಕ್ಕೆ ಬಂದದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇದನ್ನು ಜಗಳದ ಹೊತ್ತಿನಲ್ಲೇ ಕಲಿಯಲು ಆಗುವುದಿಲ್ಲ. ದಿನದ ಶಾಂತವಾದ ಹೊತ್ತಿನಲ್ಲಿ ಹತ್ತು ನಿಮಿಷ ಉಸಿರಿನೊಂದಿಗೆ ಕುಳಿತು ರೂಢಿ ಮಾಡಿಕೊಂಡರೆ ಮಾತ್ರ ಸಂಜೆಯ ಗದ್ದಲದಲ್ಲಿ ಅದು ನೆನಪಿಗೆ ಬರುತ್ತದೆ. ಮತ್ತೆ ಕಿರುಚಿದಿರಿ ಎಂದಾದರೆ, ರಾತ್ರಿಯಿಡೀ ನಿಮ್ಮನ್ನು ನೀವು ಹಿಂಸಿಸಿಕೊಳ್ಳುವ ಬದಲು ಮಗುವಿನ ಹತ್ತಿರ ಹೋಗಿ, ‘ನನಗೆ ಸಿಟ್ಟು ಬಂದಿತ್ತು, ಅಷ್ಟು ಜೋರಾಗಿ ಕಿರುಚಬಾರದಿತ್ತು’ ಎಂದು ಹೇಳಿ. ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಇನ್ನೊಂದು ಮಾತು ಕೇಳಲೇಬೇಕು. ಸಂಜೆಯ ಹೊತ್ತಿಗೆ ನೀವು ಎಷ್ಟು ದಣಿದಿರುತ್ತೀರಿ? ನಿಮ್ಮ ನಿದ್ದೆ ಎಷ್ಟು? ಹೋಂವರ್ಕ್, ಅಡುಗೆ, ಮರುದಿನದ ತಯಾರಿ ಎಲ್ಲವೂ ಒಬ್ಬರ ಹೆಗಲ ಮೇಲೇ ಇದ್ದರೆ, ಆ ಸಿಟ್ಟು ಹೇಳುತ್ತಿರುವುದರಲ್ಲಿ ಸತ್ಯಾಂಶವಿದೆ. ಅದನ್ನು ಗಮನಿಸುವುದೆಂದರೆ ಅದು ಹೇಳುವುದನ್ನು ಕೇಳಿಸಿಕೊಳ್ಳುವುದೂ ಹೌದು. ಮನೆಯವರೊಂದಿಗೆ ಕುಳಿತು ಕೆಲಸ ಹಂಚಿಕೊಳ್ಳುವ ಮಾತುಕತೆಯನ್ನು ಮುಂದಕ್ಕೆ ಹಾಕಬೇಡಿ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ವಾರಕ್ಕೊಮ್ಮೆ ಮೈಂಡ್‌ಫುಲ್‌ನೆಸ್ ತರಗತಿ ಇರುತ್ತದೆ. ಏಕಾಗ್ರತೆ ಹೆಚ್ಚುತ್ತದೆ, ಒತ್ತಡ ಹೋಗುತ್ತದೆ ಎನ್ನುತ್ತಾರೆ. ಆದರೆ ರಾತ್ರಿ ಹತ್ತರವರೆಗಿನ ಕೆಲಸ ಹಾಗೆಯೇ ಇದೆ. ನಾನು ಇದರಿಂದ ಏನು ನಿರೀಕ್ಷಿಸಬಹುದು?

ಉತ್ತರ: ನಿಮ್ಮ ಸಂಶಯ ಸರಿಯಾಗಿದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ, 3,515 ಮಂದಿ ಪಾಲ್ಗೊಂಡ 47 ಧ್ಯಾನ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಆತಂಕ, ಖಿನ್ನತೆ, ನೋವು ಇವುಗಳಲ್ಲಿ ಸಾಧಾರಣ ಮಟ್ಟದ ಸುಧಾರಣೆಗೆ ತಕ್ಕಮಟ್ಟಿನ ಪುರಾವೆ ಸಿಕ್ಕಿತು. ಏಕಾಗ್ರತೆ, ನಿದ್ದೆ, ತೂಕ ಇವುಗಳ ವಿಷಯದಲ್ಲಿ ಅಂಥ ಪುರಾವೆ ಸಿಗಲಿಲ್ಲ. ವ್ಯಾಯಾಮ, ಔಷಧ ಅಥವಾ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎನ್ನುವುದಕ್ಕೂ ಆಧಾರ ಕಾಣಲಿಲ್ಲ. ಹಾಗಾಗಿ ದೊಡ್ಡ ಭರವಸೆಗಳನ್ನು ಕೇಳಿದಾಗ ತುಸು ತಡೆದು ನೋಡುವುದು ಒಳ್ಳೆಯದು.

ತರಗತಿಗೆ ಹೋಗಿ, ಕಲಿಯಿರಿ, ಅದು ನಿಮ್ಮದಾಗುತ್ತದೆ. ಆದರೆ ಅತಿಯಾದ ಕೆಲಸವನ್ನು ಇನ್ನಷ್ಟು ಕಾಲ ಸಹಿಸಿಕೊಳ್ಳುವ ಸಾಧನವಾಗಿ ಅದನ್ನು ಬಳಸಬೇಡಿ. ನಿಜವಾದ ಎಚ್ಚರ ಬೆಳೆದರೆ, ರಾತ್ರಿ ಎಂಟು ಗಂಟೆಯ ನಂತರ ನಿಮ್ಮ ಕಣ್ಣು ಉರಿಯುವುದು, ಒಂದೇ ಸಾಲನ್ನು ಮೂರು ಸಲ ಓದುವುದು, ಮನೆಯವರ ಫೋನ್ ಬಂದರೆ ಸಿಡುಕುವುದು, ಎಲ್ಲವೂ ನಿಮಗೆ ಮೊದಲಿಗಿಂತ ಸ್ಪಷ್ಟವಾಗಿ ಕಾಣತೊಡಗುತ್ತವೆ. ಅದನ್ನು ಬರೆದಿಟ್ಟುಕೊಂಡು, ಯಾವ ಕೆಲಸವನ್ನು ಯಾವಾಗ ಮುಗಿಸಲು ಸಾಧ್ಯ ಎಂಬುದನ್ನು ಮೇಲಧಿಕಾರಿಯ ಮುಂದೆ ಸ್ಪಷ್ಟವಾಗಿ ಇಡಿ. ಸಹೋದ್ಯೋಗಿಗಳ ಸ್ಥಿತಿಯೂ ಇದೇ ಆಗಿದ್ದರೆ ಒಟ್ಟಾಗಿ ಮಾತನಾಡುವುದು ಮೇಲು.

ಪ್ರಶ್ನೆ: ನನಗೆ ಮೂರು ಸಲ ಖಿನ್ನತೆ ಬಂದು ಹೋಗಿದೆ. ಈಗ ಮಾತ್ರೆಯಲ್ಲಿ ಚೆನ್ನಾಗಿದ್ದೇನೆ. ಧ್ಯಾನ ಶುರು ಮಾಡಿದರೆ ಮಾತ್ರೆ ನಿಲ್ಲಿಸಬಹುದೇ? ಕಣ್ಣು ಮುಚ್ಚಿ ಕುಳಿತಾಗ ಕೆಲವೊಮ್ಮೆ ಹಳೆಯ ಕೆಟ್ಟ ಘಟನೆಯೊಂದು ಕಣ್ಣಮುಂದೆ ಬಂದು ಎದೆ ಹಿಂಡಿದಂತಾಗುತ್ತದೆ.

ಉತ್ತರ: ನೀವಾಗಿಯೇ ಮಾತ್ರೆಯನ್ನು ನಿಲ್ಲಿಸಬೇಡಿ, ಕಡಿಮೆಯನ್ನೂ ಮಾಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಮರುಕಳಿಸುವ ಖಿನ್ನತೆಗೆಂದೇ ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಜಾನ್ ಟೀಸ್‌ಡೇಲ್ ಅವರು ಮೈಂಡ್‌ಫುಲ್‌ನೆಸ್ ಆಧಾರಿತ ಗುಂಪು ಚಿಕಿತ್ಸೆಯೊಂದನ್ನು ರೂಪಿಸಿದ್ದಾರೆ. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಅನುಭವಿಸಿದ್ದವರ ಪೈಕಿ ಎಂದಿನ ಆರೈಕೆಯಲ್ಲಿದ್ದ 66 ಶೇಕಡಾ ಮಂದಿಗೆ ಅದು ಮರುಕಳಿಸಿದರೆ, ಈ ಚಿಕಿತ್ಸೆ ಪಡೆದವರಲ್ಲಿ ಆ ಪ್ರಮಾಣ 37 ಶೇಕಡಾ ಆಗಿತ್ತು. 2015ರಲ್ಲಿ ಬ್ರಿಟನ್ನಿನಲ್ಲಿ 424 ಮಂದಿಯ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆಯುತ್ತಾ ಮಾತ್ರೆಯನ್ನು ಕ್ರಮೇಣ ಇಳಿಸಿದವರಿಗೂ, ಮಾತ್ರೆಯನ್ನೇ ಮುಂದುವರಿಸಿದವರಿಗೂ ಎರಡು ವರ್ಷಗಳಲ್ಲಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಖಿನ್ನತೆ ಮರುಕಳಿಸಿತು. ಅಂದರೆ ದಾರಿಯೊಂದು ಇದೆ, ಆದರೆ ಅಲ್ಲಿ ಮಾತ್ರೆ ಇಳಿಸಿದ್ದು ವೈದ್ಯರ ನಿಗಾದಲ್ಲಿ, ನಿಧಾನವಾಗಿ, ತರಬೇತಾದವರು ನಡೆಸಿದ ಗುಂಪಿನ ಜೊತೆಜೊತೆಗೆ. ಫೋನಿನಲ್ಲಿ ಧ್ಯಾನ ಮಾಡಿಸುವ ಧ್ವನಿಯೊಂದನ್ನು ನಂಬಿ ಅದನ್ನು ಮಾಡಲಾಗದು.

ನೀವು ಹೇಳಿದ ಎರಡನೆಯ ವಿಷಯವನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಆಘಾತದ ನೆನಪುಗಳಿರುವವರಿಗೆ ಕಣ್ಣು ಮುಚ್ಚಿ ಒಳಮುಖವಾಗುವುದು ಕೆಲವೊಮ್ಮೆ ಹಾನಿಯನ್ನೇ ಮಾಡುತ್ತದೆ. ಧೈರ್ಯದಿಂದ ಸಹಿಸಿಕೊಂಡು ಕುಳಿತರೆ ಕರಗಿ ಹೋಗುತ್ತದೆ ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಹಾಗಾದಾಗ ಕೂಡಲೇ ಕಣ್ಣು ತೆರೆಯಿರಿ, ಕೋಣೆಯಲ್ಲಿ ಕಾಣುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಸದ್ಯಕ್ಕೆ ಉಸಿರಿನ ಬದಲು ಹೊರಗಿನ ಸದ್ದುಗಳನ್ನೋ ಅಂಗಾಲಿನ ಸ್ಪರ್ಶವನ್ನೋ ಗಮನಿಸಿ, ಅದೂ ಸ್ವಲ್ಪ ಹೊತ್ತು ಮಾತ್ರ. ಮುಂದಿನ ಭೇಟಿಯಲ್ಲಿ ನಿಮ್ಮ ಮನೋವೈದ್ಯರಿಗೆ ಈ ಎದೆ ಹಿಂಡುವ ಅನುಭವವನ್ನು ಬಿಡಿಸಿ ಹೇಳಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಆ ಭೇಟಿಯವರೆಗೆ ಕಾಯಬೇಡಿ, ಅಂದೇ ಅವರನ್ನು ಕಾಣಿ.

ಪ್ರಶ್ನೆ: ದಿನಕ್ಕೆ ಎಷ್ಟು ಹೊತ್ತು ಕೂರಬೇಕು? ಆ್ಯಪ್ ಬೇಕೇ? ನನಗೆ ಮಂಡಿನೋವಿದೆ, ನೆಲದ ಮೇಲೆ ಕೂರಲಾಗದು.

ಉತ್ತರ: ಕುರ್ಚಿಯಲ್ಲಿ ಪಾದ ಊರಿ ಕುಳಿತರೆ ಸಾಕು, ಮಲಗಿಕೊಂಡೂ ಮಾಡಬಹುದು. ಎಂಟು ವಾರಗಳ ಮೂಲ ತರಬೇತಿಯಲ್ಲಿ ದಿನಕ್ಕೆ ಸುಮಾರು 45 ನಿಮಿಷ ಮಾಡಿಸುತ್ತಿದ್ದರು, ಆದರೆ ಹೊಸಬರಿಗೆ ದಿನವೂ ತಪ್ಪದ ಹತ್ತು ನಿಮಿಷ ಒಳ್ಳೆಯ ಆರಂಭ. ಆ್ಯಪ್ ಮೊದಮೊದಲು ದಾರಿ ತೋರಿಸಬಹುದು. ಅದಕ್ಕೆಂದು ಫೋನ್ ಎತ್ತಿಕೊಂಡವರು ಸಂದೇಶಗಳನ್ನು ಓದುತ್ತಾ ಕೂರುವಂತಾದರೆ ಸಾದಾ ಅಲಾರಾಂ ಗಡಿಯಾರವೇ ಮೇಲು. ಕೂರುವುದೇ ಕಷ್ಟವಾದ ದಿನ ಮನೆಯೊಳಗೇ ನಿಧಾನವಾಗಿ ನಡೆಯುತ್ತಾ, ಹಿಮ್ಮಡಿ ನೆಲಕ್ಕೆ ತಾಗುವುದು, ಭಾರ ಮುಂಗಾಲಿಗೆ ಸರಿಯುವುದು, ಕಾಲು ಮೇಲೇಳುವುದು, ಇಷ್ಟನ್ನು ಗಮನಿಸಿ. ಮಂಡಿಗೆ ನೋವು ಹೆಚ್ಚಾಗುವಷ್ಟು ನಡೆಯಬೇಡಿ.