ಒರೆಗಾನ್‌ನಲ್ಲಿ ಮನೆಯಲ್ಲೇ ಬಿಯರ್ ಮಾಡಲು ಇಲ್ಲಿನ ಹಾಪ್ಸ್ ಆರಿಸಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ಗೆ ಬಂದು ನೆಲೆಸಿದ್ದೀರಿ. ಕಿಟ್ ತಂದು ಮನೆಯಲ್ಲಿ ಬಿಯರ್ ಮಾಡಿದ ಮೇಲೆ ಅದರ ರುಚಿ ಹತ್ತಿದೆ. ಈಗ ಇಲ್ಲೇ ಬೆಳೆದ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂ) ಹಾಕಿ 5 ಗ್ಯಾಲನ್, ಅಂದರೆ 19 ಲೀಟರ್, ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆ ಬಿಯರ್) ಮಾಡಬೇಕು ಅಂತ ಆಸೆ. ಅಂಗಡಿಗೆ ಹೋದರೆ ನೂರೆಂಟು ಹೆಸರು. ಪಕ್ಕದ ಮನೆಯವರ ಬೇಲಿ ಮೇಲೂ ಒಂದು ಹಾಪ್ಸ್ ಬಳ್ಳಿ ಹಬ್ಬಿದೆ, ಎಷ್ಟು ಬೇಕಾದರೂ ಕಿತ್ತುಕೊಳ್ಳಿ ಅಂದಿದ್ದಾರೆ. ಇದರಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು? ಹಾಗೇ, ಒಂದು ಗಿಡ ಊರಿಗೆ ತಗೊಂಡು ಹೋಗಬಹುದಾ?

ಮೊದಲು ನೇರ ಉತ್ತರ. ಕಹಿಗೆ ನಗೆಟ್ ಅನ್ನೋ ತಳಿ ತಗೊಳ್ಳಿ, ಪರಿಮಳಕ್ಕೆ ಕ್ಯಾಸ್ಕೇಡ್ ತಳಿ. ಎರಡೂ ಒರೆಗಾನ್‌ನಲ್ಲೇ ಬೆಳೆದದ್ದು ಸಿಗುತ್ತವೆ. ಬೇಲಿಯ ಹಾಪ್ಸನ್ನೂ ಖಂಡಿತ ಬಳಸಿ, ಆದರೆ ಕುದಿಯ ಕೊನೆಯಲ್ಲಿ ಮಾತ್ರ.

ನೀವು ಬಂದು ಸೇರಿರುವ ಜಾಗ ಹಾಪ್ಸ್ ಪ್ರೀತಿಸುವವರಿಗೆ ಬಹಳ ಒಳ್ಳೆ ಜಾಗ. ಪೋರ್ಟ್‌ಲ್ಯಾಂಡ್ ದಾಟಿ ದಕ್ಷಿಣಕ್ಕೆ ವುಡ್‌ಬರ್ನ್, ಸಿಲ್ವರ್ಟನ್, ಇಂಡಿಪೆಂಡೆನ್ಸ್ ಕಡೆ ಕಾರಿನಲ್ಲಿ ಹೋಗಿ ನೋಡಿ. ಎತ್ತರದ ಕಂಬಗಳಿಗೆ ತಂತಿ ಎಳೆದು, ಹಗ್ಗದ ಮೇಲೆ ಬಳ್ಳಿ ಹಬ್ಬಿಸಿದ ತೋಟಗಳು ಸಿಗುತ್ತವೆ. ಇದು ವಿಲಾಮೆಟ್ ಕಣಿವೆ. ಇದೇ ಕಣಿವೆಯ ಕೊರ್ವಾಲಿಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯೂ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯೂ ಸೇರಿ ಹಾಪ್ಸ್ ತಳಿಗಳನ್ನು ಬೆಳೆಸಿಕೊಂಡು ಬಂದಿವೆ. ಕ್ಯಾಸ್ಕೇಡ್ 1972ರಲ್ಲಿ ಅಲ್ಲಿಂದಲೇ ಹೊರಗೆ ಬಂತು, ವಿಲಾಮೆಟ್ ತಳಿ 1976ರಲ್ಲಿ. ಇವತ್ತು ನಾವು ಅಮೆರಿಕನ್ ಪೇಲ್ ಏಲ್ ಅಂತ ಕುಡಿಯುವ ಬಿಯರಿನ ಮೂಗಿಗೆ ಹೊಡೆಯುವ ಆ ಚಕ್ಕೋತದ ವಾಸನೆ ಇದೆಯಲ್ಲ, ಅದು ಕ್ಯಾಸ್ಕೇಡ್‌ನಿಂದ ಬಂದದ್ದು. ಅಮೆರಿಕದ ಹಾಪ್ಸ್‌ನಲ್ಲಿ ದೊಡ್ಡ ಪಾಲು ಬೆಳೆಯುವುದು ಮಾತ್ರ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ನಿಮ್ಮಿಂದ ಅದೂ ಮೂರು ಗಂಟೆ ದಾರಿ ಅಷ್ಟೇ. ಹಾಗಾಗಿ ಅದನ್ನೂ ನಾನು ಸ್ಥಳೀಯ ಅಂತಲೇ ಲೆಕ್ಕ ಹಾಕುತ್ತೇನೆ.

ಆದರೆ ಹತ್ತಿರದಲ್ಲಿ ಬೆಳೆದದ್ದು ಅನ್ನೋ ಒಂದೇ ಕಾರಣಕ್ಕೆ ಹಾಪ್ಸ್ ಒಳ್ಳೆಯದಾಗುವುದಿಲ್ಲ. ಯಾವಾಗ ಕೊಯ್ದದ್ದು, ಹೇಗೆ ಇಟ್ಟದ್ದು, ಅದು ಮುಖ್ಯ. ಚಿಕ್ಕಮಗಳೂರಲ್ಲೇ ಕೂತಿದ್ದರೂ ಡಬ್ಬಿಯ ಮುಚ್ಚಳ ತೆಗೆದಿಟ್ಟ ಹಳೇ ಪುಡಿಯಲ್ಲಿ ಒಳ್ಳೆ ಕಾಫಿ ಬರುವುದಿಲ್ಲ ಅಲ್ವಾ, ಹಾಗೇ ಇದು. ಹಾಪ್ಸ್ ಕೊಯ್ಲು ಇಲ್ಲಿ ವರ್ಷಕ್ಕೆ ಒಂದೇ ಸಲ, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ. ಮಿಕ್ಕ ತಿಂಗಳೆಲ್ಲಾ ನಾವು ಬಳಸುವುದು ಒಣಗಿಸಿ ಇಟ್ಟ ಮಾಲು. ಗಾಳಿ, ಬೆಳಕು, ಬಿಸಿ ಮೂರೂ ಅದರ ಶತ್ರುಗಳು. ಅದಕ್ಕೇ ಹಾಪ್ಸನ್ನು ಫ್ರಿಜ್‌ನಲ್ಲೋ ಫ್ರೀಜರ್‌ನಲ್ಲೋ ಇಟ್ಟು ಮಾರುವ ಅಂಗಡಿಗೇ ಹೋಗಿ. ಪ್ಯಾಕೆಟ್ ಗಾಳಿ ತೆಗೆದು ಮುಚ್ಚಿದ್ದಾಗಿರಬೇಕು, ಬೆಳಕು ತೂರದ ಬೆಳ್ಳಿ ಬಣ್ಣದ್ದಾಗಿರಬೇಕು. ಅದರ ಮೇಲೆ ಎರಡು ವಿಷಯ ಹುಡುಕಿ: ಕೊಯ್ಲಿನ ವರ್ಷ, ಆಲ್ಫಾ ಆಸಿಡ್ ಶೇಕಡಾವಾರು. ಇವೆರಡೂ ಇಲ್ಲದ ಪ್ಯಾಕೆಟ್ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ಪೋರ್ಟ್‌ಲ್ಯಾಂಡ್‌ನಲ್ಲಿ 1918ರಲ್ಲಿ ಶುರುವಾದ ಎಫ್. ಎಚ್. ಸ್ಟೈನ್‌ಬಾರ್ಟ್ ಅನ್ನೋ ಹೋಮ್‌ಬ್ರೂ (ಮನೆಯಲ್ಲಿ ಬಿಯರ್ ಮಾಡುವ ಸಾಮಾನಿನ) ಅಂಗಡಿಯ ಹೆಸರು ನಿಮ್ಮ ಕಿವಿಗೂ ಬಿದ್ದಿರಬಹುದು. ಇಂಥ ಕಡೆ ಕೌಂಟರಿನಲ್ಲಿ ಇರುವವರೂ ಸಾಮಾನ್ಯವಾಗಿ ಬಿಯರ್ ಮಾಡುವವರೇ. ಈ ವರ್ಷದ ಮಾಲು ಯಾವುದು ಬಂದಿದೆ ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ಆಲ್ಫಾ ಅಂಕಿಗೆ ಇಷ್ಟು ಯಾಕೆ ಒತ್ತು ಕೊಡುತ್ತೇನೆ ಅಂದರೆ, ಬಿಯರಿನ ಕಹಿ ನಿಂತಿರುವುದೇ ಅದರ ಮೇಲೆ. ಹಾಪ್ಸ್ ಹೂವಿನ ಒಳಗಿನ ಹಳದಿ ಪುಡಿಯಲ್ಲಿ, ಅಂದರೆ ಲುಪುಲಿನ್‌ನಲ್ಲಿ, ಆಲ್ಫಾ ಆಸಿಡ್‌ಗಳಿರುತ್ತವೆ. ವರ್ಟ್ ಜೊತೆ, ಅಂದರೆ ಬಿಯರ್ ಆಗಬೇಕಿರುವ ಮಾಲ್ಟ್‌ನ ಸಿಹಿ ರಸದ ಜೊತೆ, ಜಾಸ್ತಿ ಹೊತ್ತು ಕುದ್ದರೆ ಅವು ಕರಗುವ ಕಹಿಯಾಗಿ ಮಾರ್ಪಡುತ್ತವೆ. ಪರಿಮಳದ ಎಣ್ಣೆಗಳದ್ದು ಇದಕ್ಕೆ ತದ್ವಿರುದ್ಧ, ಅವು ಕುದಿಯಲ್ಲಿ ಹಾರಿಹೋಗುತ್ತವೆ. ಅದಕ್ಕೇ ಕಹಿಗೆ ಮೊದಲು ಹಾಕುವುದು, ವಾಸನೆಗೆ ಕೊನೆಯಲ್ಲಿ ಹಾಕುವುದು.

ಲೆಕ್ಕ ಹೀಗೆ. ನಿಮ್ಮ 19 ಲೀಟರ್ ಪೇಲ್ ಏಲ್‌ಗೆ ಶೇ. 13 ಆಲ್ಫಾ ಇರುವ ನಗೆಟ್ 19 ಗ್ರಾಂ ಹಾಕಿ 60 ನಿಮಿಷ ಕುದಿಸಿದರೆ ಹೆಚ್ಚುಕಮ್ಮಿ 30 ಐಬಿಯು (ಬಿಯರಿನ ಕಹಿ ಅಳೆಯುವ ಅಳತೆ) ಕಹಿ ಬರುತ್ತದೆ. ಪೇಲ್ ಏಲ್‌ಗೆ ಅದು ಹದವಾದ ಕಹಿ. ಅದೇ 19 ಗ್ರಾಂ, ಶೇ. 5.5ರ ಕ್ಯಾಸ್ಕೇಡ್ ಹಾಕಿದರೆ 13 ಐಬಿಯು ದಾಟುವುದಿಲ್ಲ. ಈಗ ಪಕ್ಕದ ಮನೆಯ ಬಳ್ಳಿಯನ್ನು ನೆನೆಸಿಕೊಳ್ಳಿ. ಅದರ ಆಲ್ಫಾ 4 ಇರಬಹುದು, 8 ಇರಬಹುದು, ಲ್ಯಾಬಿಗೆ ಕಳಿಸದೆ ಗೊತ್ತಾಗುವುದಿಲ್ಲ. ಮೊದಲೇ ಹಾಕಿ ಕುದಿಸಿದರೆ ಬಿಯರ್ ಸಪ್ಪೆಯಾಗಬಹುದು, ಇಲ್ಲವೇ ಎರಡು ಪಟ್ಟು ಕಹಿಯಾಗಬಹುದು. ಕೊನೆಯ 5 ನಿಮಿಷದಲ್ಲೋ, ಒಲೆ ಆರಿಸಿದ ಮೇಲೋ ಹಾಕಿದರೆ ಆ ಚಿಂತೆ ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಪರಿಮಳ ಪೂರ್ತಿ ಸಿಗುತ್ತದೆ.

ಇನ್ನು ಮೂಗಿನ ಪರೀಕ್ಷೆ. ಯಾವ ಹಾಪ್ಸ್ ಆದರೂ ಇದನ್ನು ಮಾಡದೆ ಪಾತ್ರೆಗೆ ಹಾಕಬೇಡಿ. ಒಂದೆರಡು ಒಣ ಹೂಗಳನ್ನು ಅಂಗೈಯಲ್ಲಿ ಇಟ್ಟು, ಇನ್ನೊಂದು ಅಂಗೈಯಿಂದ ಗಟ್ಟಿಯಾಗಿ ಉಜ್ಜಿ. ದಳಗಳು ಪರಪರ ಅಂತ ಪುಡಿಯಾಗಬೇಕು, ಹಳದಿ ಪುಡಿ ಅಂಗೈಗೆ ಅಂಟಬೇಕು, ಜಿಗುಟಾಗಬೇಕು. ಅಂಗೈ ಬಿಸಿಯಾದಾಗಲೇ ಮೂಗಿನ ಹತ್ತಿರ ತನ್ನಿ. ಮೊದಲು ಹಸಿರು ಹುಲ್ಲಿನ ವಾಸನೆ ಬರುತ್ತದೆ, ಅದರ ಹಿಂದೆಯೇ ನಿಜವಾದ ಪರಿಮಳ ಏಳುತ್ತದೆ. ಕ್ಯಾಸ್ಕೇಡ್ ಆದರೆ ಚಕ್ಕೋತದ ಸಿಪ್ಪೆ, ಒಂದಿಷ್ಟು ಹೂವು. ಚೀಸ್‌ನಂತೆಯೋ ಬೆವರು ಹಿಡಿದ ಕಾಲುಚೀಲದಂತೆಯೋ ನಾತ ಬಂದರೆ ಅದು ಹಳತಾಗಿ ಕೆಟ್ಟಿದೆ. ಈರುಳ್ಳಿ, ಬೆಳ್ಳುಳ್ಳಿ ಥರ ಬಂದರೆ ಬಹುಶಃ ತಡವಾಗಿ ಕೊಯ್ದದ್ದು. ಹಳದಿ ಪುಡಿ ಕಿತ್ತಳೆ, ಕಂದು ಬಣ್ಣಕ್ಕೆ ತಿರುಗಿದ್ದರೂ ಬೇಡ. ಪೆಲೆಟ್ (ಹಾಪ್ಸ್ ಪುಡಿ ಮಾಡಿ ಒತ್ತಿದ ಸಣ್ಣ ಗುಳಿಗೆ) ಆದರೂ ಒಂದನ್ನು ಬೆರಳಲ್ಲಿ ಪುಡಿ ಮಾಡಿ ಮೂಸಿ ನೋಡಬಹುದು. ಮೊದಲ ಸಲಕ್ಕೆ ಪೆಲೆಟ್ಟೇ ಸುಲಭ, ಜಾಗ ಕಡಿಮೆ, ಬೇಗ ಹಾಳಾಗುವುದಿಲ್ಲ. ಇಡೀ ಹೂ ನೋಡುವ ಖುಷಿ ಬೇರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತಳಿ ಯಾವುದು ಅನ್ನೋದು ನೀವು ಮಾಡುವ ಬಿಯರಿನ ಮೇಲೆ ಹೋಗುತ್ತದೆ. ಪೇಲ್ ಏಲ್‌ಗೆ ಕ್ಯಾಸ್ಕೇಡ್ ಹೇಳಿಯಾಯಿತು. ಮುಂದೆ ಇಂಗ್ಲಿಷ್ ಶೈಲಿಯ ಬ್ರೌನ್ ಏಲ್, ಪೋರ್ಟರ್ ಮಾಡುವ ಮನಸ್ಸಿದ್ದರೆ ವಿಲಾಮೆಟ್ ತಗೊಳ್ಳಿ. ಅದು ಇಂಗ್ಲೆಂಡಿನ ಫಗಲ್ ತಳಿಯ ಮಗಳು, ಮಣ್ಣಿನ, ಮಸಾಲೆಯ ಮೆತ್ತನೆ ಪರಿಮಳ. ಈಗಿನ ಐಪಿಎ (ಹಾಪ್ಸ್ ಜೋರಾಗಿರುವ ಏಲ್) ಹುಚ್ಚಿನಲ್ಲಿ ಜನ ಅದನ್ನು ಮರೆತೇಬಿಟ್ಟಿದ್ದಾರೆ, ನನಗೆ ಅದು ನಿಜಕ್ಕೂ ಬೇಸರ. ಜರ್ಮನ್ ಲಾಗರ್ ಕಡೆ ಹೋದರೆ ಮೌಂಟ್ ಹುಡ್ ಅಥವಾ ಸ್ಟರ್ಲಿಂಗ್ ನೋಡಿ. ಹಣ್ಣಿನ ವಾಸನೆ ಜೋರಾಗಿ ಬೇಕು ಅಂದರೆ ಸ್ಟ್ರಾಟಾ ಇದೆ, ಅದೂ ಒರೆಗಾನ್‌ನಲ್ಲೇ ಹುಟ್ಟಿದ್ದು, 2018ರಲ್ಲಿ ಮಾರುಕಟ್ಟೆಗೆ ಬಂತು. ಸಿಟ್ರಾ, ಮೊಸಾಯಿಕ್ ಎರಡೂ ರುಚಿಯಾದವೇ, ಇಲ್ಲಿನ ತೋಟಗಳಲ್ಲೂ ಬೆಳೆಯುತ್ತಾರೆ. ಆದರೆ ಅವು ಖಾಸಗಿ ಒಡೆತನದ ತಳಿಗಳು, ಮನೆ ಹಿತ್ತಲಿಗೆ ಗಡ್ಡೆ ಸಿಗುವುದಿಲ್ಲ. ಕ್ಯಾಸ್ಕೇಡ್, ವಿಲಾಮೆಟ್, ನಗೆಟ್ ಗಡ್ಡೆಗಳನ್ನು ವಸಂತದಲ್ಲಿ ಯಾರು ಬೇಕಾದರೂ ತಂದು ನೆಡಬಹುದು.

ಈಗ ಬೇಲಿಯ ಬಳ್ಳಿಗೆ ಬರೋಣ. ಔಷಧಿ ಏನಾದರೂ ಹೊಡೆದಿದ್ದಾರಾ ಅಂತ ಮೊದಲು ಕೇಳಿ. ಹೊಡೆದಿದ್ದರೆ ಆ ಬಳ್ಳಿಯ ಆಸೆ ಬಿಡಿ. ಇಲ್ಲವಾದರೆ ಆಗಸ್ಟ್ ಕೊನೆಯಿಂದ ಎರಡು ದಿನಕ್ಕೊಮ್ಮೆ ಒಂದು ಹೂವನ್ನು ಹಿಸುಕಿ ನೋಡುತ್ತಾ ಇರಿ. ಬಲಿಯದ ಹೂ ಮೆತ್ತಗೆ, ತೇವವಾಗಿರುತ್ತದೆ, ಹಿಸುಕಿದರೆ ಹಾಗೇ ಚಪ್ಪಟೆಯಾಗಿ ಉಳಿಯುತ್ತದೆ. ಬಲಿತದ್ದು ಕಾಗದದ ಹಾಗೆ ಸದ್ದು ಮಾಡುತ್ತದೆ, ಬಿಟ್ಟ ಕೂಡಲೇ ಮತ್ತೆ ಉಬ್ಬುತ್ತದೆ. ಮಧ್ಯಕ್ಕೆ ಸೀಳಿದರೆ ಪುಡಿ ಗಾಢ ಹಳದಿ ಇರಬೇಕು. ಕೊಯ್ಯುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಬಳ್ಳಿಯ ಸಣ್ಣ ಮುಳ್ಳುಗೂದಲು ಕೈಯೆಲ್ಲಾ ಗೀರುತ್ತದೆ.

ಕಿತ್ತ ಹೂವನ್ನು ಎರಡು ರೀತಿ ಬಳಸಬಹುದು. ಹಸಿಯಾಗೇ ಹಾಕುವುದಾದರೆ ಅದೇ ದಿನ ಹಾಕಬೇಕು, ರಾತ್ರಿ ಚೀಲದಲ್ಲಿ ಕಟ್ಟಿಟ್ಟರೆ ಬೆಳಗ್ಗೆಗೆ ಬಿಸಿಯಾಗಿ ಕೆಡುತ್ತದೆ. ಹಸಿ ಹೂವಿನಲ್ಲಿ ಸುಮಾರು ಮುಕ್ಕಾಲು ಭಾಗಕ್ಕೂ ಹೆಚ್ಚು ನೀರೇ. ಹಾಗಾಗಿ 28 ಗ್ರಾಂ ಒಣ ಹಾಪ್ಸ್ ಬೇಕಿರುವ ಕಡೆ 140 ಗ್ರಾಂ ಹಸಿ ಹೂ ಹಾಕಿ. ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಮುಳುಗಿಸಿದರೆ ತೆಗೆಯುವುದು ಸುಲಭ. ಇಂಥ ಹಸಿ ಹಾಪ್ಸ್ ಬಿಯರನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿನ ಬ್ರೂವರಿಗಳೂ ಮಾಡುತ್ತವೆ. ಹುಡ್ ರಿವರ್‌ನಲ್ಲಿ ಅದಕ್ಕೆಂದೇ ಹಬ್ಬ ನಡೆಯುತ್ತದೆ. ಒಮ್ಮೆ ಹೋಗಿ ಕುಡಿದು ನೋಡಿ, ನಿಮ್ಮ ಬಿಯರ್ ಎಲ್ಲಿಗೆ ಮುಟ್ಟಬೇಕು ಅನ್ನೋದು ನಾಲಿಗೆಗೆ ತಿಳಿಯುತ್ತದೆ.

ಒಣಗಿಸುವುದಾದರೆ ಕಿಟಕಿಯ ಜಾಲರಿ ಮೇಲೆ ತೆಳುವಾಗಿ ಹರಡಿ, ಕೆಳಗಿನಿಂದ ಫ್ಯಾನ್ ಗಾಳಿ ಬಿಡಿ. ಬಿಸಿಲು ಬೇಡ. ಡಿಹೈಡ್ರೇಟರ್ ಇದ್ದರೆ ಅದೂ ಆಗುತ್ತದೆ, ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟದಿರಲಿ. ದಳ ಒಣಗಿದರೆ ಸಾಲದು, ಹೂವಿನ ನಡುವಿನ ಕಡ್ಡಿ ಬಗ್ಗಿಸಿದಾಗ ಪಟಕ್ ಅಂತ ಮುರಿಯಬೇಕು. ಅಲ್ಲಿಯವರೆಗೂ ಕಾಯಿರಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ. ಆಮೇಲೆ ಗಾಳಿ ತೆಗೆದು, ತಾರೀಖು ಬರೆದು ಫ್ರೀಜರ್‌ಗೆ ಹಾಕಿ.

ಊರಿಗೆ ಗಿಡ ತಗೊಂಡು ಹೋಗುವ ಮಾತು. ಬೇಡ ಅಂತಲೇ ಹೇಳುತ್ತೇನೆ. ಗಡ್ಡೆ, ಬೇರು ಭಾರತಕ್ಕೆ ತರಲು ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಸುಮ್ನೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ತಂದರೂ ಬೆಂಗಳೂರಿನಲ್ಲಿ ಬೆಳೆ ಕೈಗೆ ಹತ್ತುವುದು ಕಷ್ಟ. ಹಾಪ್ಸ್‌ಗೆ ಚಳಿಗಾಲದ ನಿದ್ದೆ ಬೇಕು, ಬೇಸಿಗೆಯ ಉದ್ದ ಹಗಲು ಬೇಕು. ಪೋರ್ಟ್‌ಲ್ಯಾಂಡ್‌ನಲ್ಲಿ ಜೂನ್ ಹಗಲು ಹದಿನೈದೂವರೆ ಗಂಟೆ, ಬೆಂಗಳೂರಿನಲ್ಲಿ 13 ಗಂಟೆಯನ್ನೂ ಮುಟ್ಟುವುದಿಲ್ಲ. ಬಳ್ಳಿ ಎತ್ತರ ಬೆಳೆಯುವ ಮೊದಲೇ ಹೂ ಬಿಟ್ಟು, ಫಸಲು ತೀರಾ ಕಡಿಮೆಯಾಗುತ್ತದೆ. ಭಾರತದಲ್ಲಿ ಹಾಪ್ಸ್ ಬೆಳೆಯುವುದು ಹಿಮಾಚಲದ ಲಾಹೌಲ್‌ನಂಥ ಚಳಿಯ ಕಣಿವೆಯಲ್ಲಿ. ಜೊತೆಗೆ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಇಲ್ಲಿ ಫೆಡರಲ್ ಕಾನೂನು 1979ರಿಂದ ಬಿಟ್ಟಿದೆ: ಒಬ್ಬ ವಯಸ್ಕರ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200. ಮಾರುವ ಹಾಗಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನಾಯಿ ಇದ್ದರೆ, ಕುದಿಸಿ ತೆಗೆದ ಹಾಪ್ಸ್ ಚರಟವನ್ನು ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಬೇಡಿ. ನಾಯಿಗಳಿಗೆ ಹಾಪ್ಸ್ ವಿಷ, ಮೈ ಜ್ವರ ಏರಿ ಪ್ರಾಣಕ್ಕೇ ಕುತ್ತು ಬರುತ್ತದೆ. ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮುಚ್ಚಳ ಇರುವ ಕಸದ ಡಬ್ಬಿಗೆ ಹಾಕಿ. ಬೇಲಿಯ ಕೆಳಗೆ ಉದುರಿದ ಹೂಗಳನ್ನೂ ಗುಡಿಸಿ ಅದೇ ಡಬ್ಬಿಗೆ ಹಾಕಲು ಪಕ್ಕದ ಮನೆಯವರಿಗೂ ಹೇಳಿ.