ಹೊರಗೆ ಅಷ್ಟು ಚಳಿ ಇದೆಯಲ್ಲ, ಸ್ಯಾಂಪಲ್ ಯಾಕೆ ತಣ್ಣಗಾಗುವುದಿಲ್ಲ?

ಬಾಹ್ಯಾಕಾಶ ನಿಲ್ದಾಣದಲ್ಲಿ ಲೋಹ ಕಾಯಿಸಿ, ಕರಗಿಸಿ, ತಣ್ಣಗಾಗಿಸುವ ಪ್ರಯೋಗಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ಬೇರೆ ಬೇರೆ ವೇಷ. ಹಿಂದೆಯೂ ಹೀಗೇ ಬಂದಿದ್ದವು. ಅದಕ್ಕೆ ಅದನ್ನೇ ಮೊದಲು ಮುಗಿಸಿಬಿಡುತ್ತೇನೆ. ವಹನ, ಸಂವಹನ, ವಿಕಿರಣ ಅಂದರೇನು ಅಂತ ಇಲ್ಲಿ ಹೇಳಿಕೊಡುವುದಿಲ್ಲ. ಹೈಸ್ಕೂಲ್ ಪುಸ್ತಕದಲ್ಲಿದೆ, ನೋಡಿಕೊಳ್ಳಿ.

ಪ್ರಶ್ನೆ: ಸರ್, ಬಾಹ್ಯಾಕಾಶದಲ್ಲಿ ಮೈನಸ್ 270 ಡಿಗ್ರಿ ಇರುತ್ತದೆ ಅಂತ ಓದಿದ್ದೇನೆ. ಫರ್ನೇಸಿನಲ್ಲಿ ಕಾಯಿಸಿದ ಲೋಹವನ್ನು ಸುಮ್ನೆ ಹೊರಗೆ ಹಿಡಿದರೆ ಸಾಕಲ್ವಾ? ಕೂಲಿಂಗ್‌ಗೆ ಅಷ್ಟೊಂದು ಸಲಕರಣೆ ಯಾಕೆ?

ಉತ್ತರ: ಸಾಲದು. ಮೈನಸ್ 270 ಅನ್ನುವುದು ಖಾಲಿ ಆಕಾಶದ ಹಿನ್ನೆಲೆ ವಿಕಿರಣದ ತಾಪಮಾನ. ಅಲ್ಲಿ ತಣ್ಣನೆ ಗಾಳಿಯೇನೂ ಬೀಸುತ್ತಿಲ್ಲ, ಸ್ಯಾಂಪಲ್‌ಗೆ ತಾಗುವುದಕ್ಕೆ ಏನೂ ಇಲ್ಲ. ಥರ್ಮಾಸ್ ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ಗಾಳಿ ತೆಗೆಯುವುದು ಒಳಗಿನದು ಬಿಸಿಯಾಗಿರಲಿ ಅಂತಲೇ ತಾನೆ? ಮೇಲಾಗಿ ಬಿಸಿಲಿಗೆ ಸಿಕ್ಕರೆ ಚದರ ಮೀಟರಿಗೆ ಸುಮಾರು 1,360 ವ್ಯಾಟ್ ಬಂದು ಬೀಳುತ್ತದೆ.

ನಿರ್ವಾತದಲ್ಲಿ ಶಾಖ ಹೊರಹೋಗಲು ಉಳಿಯುವ ದಾರಿ ವಿಕಿರಣ ಒಂದೇ. ಅದು ಕೆಲ್ವಿನ್ ತಾಪಮಾನದ (ಸೆಲ್ಸಿಯಸ್‌ಗೆ 273 ಕೂಡಿಸಿದರೆ ಬರುವುದು) ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 1500 ಕೆಲ್ವಿನ್‌ನಲ್ಲಿರುವ ವಸ್ತು 300 ಕೆಲ್ವಿನ್‌ನಲ್ಲಿ ಸೂಸುವುದಕ್ಕಿಂತ 625 ಪಟ್ಟು ಶಾಖ ಸೂಸುತ್ತದೆ. 8 ಮಿಲಿಮೀಟರ್ ವ್ಯಾಸದ, ಆಗಷ್ಟೇ ಕರಗಿದ ನಿಕ್ಕಲ್ ಹನಿಯನ್ನು ತೆಗೆದುಕೊಳ್ಳಿ. ಒರಟು ಲೆಕ್ಕದಲ್ಲಿ ಅದು ಸೆಕೆಂಡಿಗೆ ಸುಮಾರು 20 ಡಿಗ್ರಿ ಇಳಿಯುತ್ತದೆ. ಅದೇ ಹನಿ 400 ಕೆಲ್ವಿನ್‌ಗೆ ಬರುವ ಹೊತ್ತಿಗೆ ಒಂದು ಡಿಗ್ರಿ ಇಳಿಯಲು ಸುಮಾರು 20 ಸೆಕೆಂಡ್ ಬೇಕು. ಮೈ ಹೊಳಪಾಗಿದ್ದರೆ ಇನ್ನೂ ಜಾಸ್ತಿ. ಅಂದರೆ ಕೆಂಪಗೆ ಕಾದದ್ದನ್ನು ಇಳಿಸುವುದು ಸುಲಭ. 60 ಡಿಗ್ರಿಯಿಂದ 10 ಡಿಗ್ರಿಗೆ ಇಳಿಸುವುದೇ ತಲೆನೋವು.

ನಿಲ್ದಾಣದ ಒಳಗೆ ಗಾಳಿ ಇದೆಯಲ್ಲ ಅಂತ ಕೇಳುತ್ತೀರಿ. ಇದೆ, ಆದರೆ ಬಿಸಿ ಗಾಳಿಗೆ ಅಲ್ಲಿ 'ಮೇಲೆ' ಅನ್ನುವ ದಿಕ್ಕೇ ಇಲ್ಲ. 400 ಕಿಲೋಮೀಟರ್ ಎತ್ತರದಲ್ಲೂ ಗುರುತ್ವ ನೆಲದಲ್ಲಿರುವುದರ ಸುಮಾರು ಶೇಕಡ 90ರಷ್ಟು ಇದ್ದೇ ಇರುತ್ತದೆ. ನಿಲ್ದಾಣ, ಗಾಳಿ, ಸ್ಯಾಂಪಲ್ ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ಹಗುರವಾದದ್ದು ಮೇಲೇರುವುದಿಲ್ಲ. ಬಿಸಿ ಗಾಳಿ ಸ್ಯಾಂಪಲ್ ಸುತ್ತಲೇ ನಿಂತುಬಿಡುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. "ನೆಲದ ಮೇಲೆ ಟೆಸ್ಟ್ ಮಾಡಿದೆವು, ಸರಿಯಾಗಿ ಬಂತು" ಅಂತ ಬರೆಯುತ್ತಾರೆ. ಬರದೆ ಏನು? ನೆಲದ ಮೇಲೆ ಗುರುತ್ವವೇ ಪುಕ್ಕಟೆ ಫ್ಯಾನ್ ತಿರುಗಿಸುತ್ತಿರುತ್ತದೆ. ನಿಮ್ಮ ಪ್ರಯೋಗದ ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ ಮತ್ತೆ ಟೆಸ್ಟ್ ಮಾಡಿ. ಗಾಳಿಯನ್ನು ಏಳಿಸುವ ಬಲದ ಅಳತೆ, ಅಂದರೆ ಗ್ರಾಶಾಫ್ ಸಂಖ್ಯೆ, ನೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಗಾಳಿಯ ಮೂಲಕ ಆಗುವ ವಹನ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕಕ್ಷೆಯಲ್ಲಿ ನಿಮ್ಮ ಪೆಟ್ಟಿಗೆ ಎಷ್ಟು ಕಾಯುತ್ತದೆ ಅನ್ನುವುದು ಆಗ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ಇದನ್ನು ಮಾಡದೆ ನನಗೆ ಗ್ರಾಫ್ ಕಳಿಸಬೇಡಿ.

ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ. ನೆಲದ ಮೇಲೆ ಸ್ಯಾಂಪಲ್ ತನ್ನ ತೂಕದಿಂದಲೇ ತಣ್ಣನೆ ತಟ್ಟೆಗೆ ಒತ್ತಿಕೊಂಡಿರುತ್ತದೆ. ಅಲ್ಲಿ ಆ ಒತ್ತು ಇಲ್ಲ. ಕೂದಲೆಳೆಯಷ್ಟು ಸಂದಿ ಬಿದ್ದರೂ ಶಾಖ ದಾಟುವುದು ಕಷ್ಟ. ಸ್ಪ್ರಿಂಗ್ ಇಟ್ಟು ಒತ್ತಿ, ನಡುವೆ ಗ್ರಾಫೈಟ್ ಹಾಳೆ ಹಾಕಿ. ಥರ್ಮಲ್ ಗ್ರೀಸ್ ಬಳಿದರಾಯಿತು ಅನ್ನುವವರು, ಅದು ನಿರ್ವಾತದಲ್ಲಿ ಆವಿ ಬಿಡುತ್ತದೋ ಇಲ್ಲವೋ ಅಂತ ಮೊದಲು ನೋಡಿ. ಪೆಲ್ಟಿಯರ್ (ಕರೆಂಟ್ ಹಾಯಿಸಿದರೆ ಒಂದು ಬದಿ ತಣ್ಣಗಾಗುವ ಬಿಲ್ಲೆ) ಹಾಕುತ್ತೇವೆ ಅನ್ನುವವರಿಗೂ ಒಂದು ಮಾತು. ಅದು ಶಾಖವನ್ನು ನುಂಗುವುದಿಲ್ಲ, ಆಚೆ ಬದಿಗೆ ದೂಡುತ್ತದೆ. ಜೊತೆಗೆ ತಾನು ತಿಂದ ಕರೆಂಟಿನ ಶಾಖವನ್ನೂ ಸೇರಿಸುತ್ತದೆ. ಅದೆಲ್ಲ ಎಲ್ಲಿಗೆ ಹೋಗುತ್ತದೆ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಳಗಿನ ನೀರಿನ ಕೊಳವೆಗಳಿಗೆ, ಅಲ್ಲಿಂದ ಹೊರಗಿನ ಅಮೋನಿಯಾ ಕೊಳವೆಗಳಿಗೆ, ಕೊನೆಗೆ ದೊಡ್ಡ ರೇಡಿಯೇಟರ್‌ಗಳಿಗೆ. ನೀವು ಕೇಳಿದ ಸಲಕರಣೆ ಇದೇ.

ಏನನ್ನೂ ಮುಟ್ಟಿಸದೆ ಕಾಯಿಸುವ ವಿಧಾನವೂ ಇದೆ. ನಿಲ್ದಾಣದಲ್ಲಿರುವ ಯುರೋಪಿನ ಕೊಲಂಬಸ್ ಲ್ಯಾಬಿನ ವಿದ್ಯುತ್ಕಾಂತೀಯ ಫರ್ನೇಸಿನಲ್ಲಿ ಲೋಹದ ಗುಂಡನ್ನು ಕಾಯಿಲ್ ಹಿಡಿದುಕೊಳ್ಳುತ್ತದೆ, ಕಾಯಿಸುತ್ತದೆ. ಜಪಾನಿನ ಕಿಬೋ ಲ್ಯಾಬಿನದರಲ್ಲಿ ವಿದ್ಯುದಾವೇಶ ಹಿಡಿಯುತ್ತದೆ, ಲೇಸರ್ ಕಾಯಿಸುತ್ತದೆ. ಪಾತ್ರೆಯ ಗೋಡೆ ತಾಗದ ಕಾರಣ ದ್ರವ ತನ್ನ ಹೆಪ್ಪುಗಟ್ಟುವ ಬಿಂದುವಿಗಿಂತ ಎಷ್ಟೋ ಕೆಳಗಿಳಿದರೂ ದ್ರವವಾಗಿಯೇ ಇರಬಲ್ಲದು. ಇಷ್ಟೆಲ್ಲ ಕಷ್ಟಪಡುವುದೇ ಅದಕ್ಕೆ. ಬೇಗ ತಣ್ಣಗಾಗಬೇಕೆಂದರೆ ಸುತ್ತ ಹೀಲಿಯಂ ತುಂಬುತ್ತಾರೆ. ಅದು ಆರ್ಗಾನ್‌ಗಿಂತ ಸುಮಾರು ಎಂಟು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ.

ಪ್ರಶ್ನೆ: ಗುರುತ್ವ ಕೆಲಸ ಮಾಡದಿದ್ದರೆ ಕರಗಿದ ಲೋಹದೊಳಗೆ ಹರಿವೇ ಇರುವುದಿಲ್ಲ ಅಲ್ವಾ?

ಉತ್ತರ: ಇರುತ್ತದೆ. ಮೇಲ್ಮೈ ತೆರೆದಿದ್ದು, ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗಿದ್ದರೆ ಮೇಲ್ಮೈ ಎಳೆತದ ವ್ಯತ್ಯಾಸವೇ ದ್ರವವನ್ನು ಓಡಿಸುತ್ತದೆ. ಅದು ಮರಂಗೋನಿ ಹರಿವು. ಇದರ ಮೇಲೆ ಪಂಪುಗಳ ನಡುಕ, ಗಗನಯಾತ್ರಿಗಳ ವ್ಯಾಯಾಮ. ಪೂರ್ತಿ ನಿಶ್ಚಲ ಅನ್ನುವುದು ಜಾಹೀರಾತಿನ ಮಾತು.

ಪ್ರಶ್ನೆ: ಕಾಲೇಜಿನ ವ್ಯಾಕ್ಯೂಮ್ ಪಂಪಿನಿಂದ ಝೀರೋ ಗ್ರ್ಯಾವಿಟಿ ಮಾಡಬಹುದಾ?

ಉತ್ತರ: ಗಾಳಿ ಹೋಗುತ್ತದೆ, ತೂಕ ಹೋಗುವುದಿಲ್ಲ. ಇಂಥ ಪ್ರಯೋಗಕ್ಕೆಂದೇ ಇರುವ ಜರ್ಮನಿಯ ಬ್ರೆಮೆನ್‌ನ 146 ಮೀಟರ್ ಗೋಪುರದಿಂದ ಬೀಳಿಸಿದರೂ ಸಿಗುವುದು ಐದು ಸೆಕೆಂಡಿಗೂ ಕಡಿಮೆ.

ಪ್ರಶ್ನೆ: 'ಝೀರೋ ಗ್ರ್ಯಾವಿಟಿಯಲ್ಲಿ ಕರಗಿಸಿದ' ತಾಮ್ರದ ಬಳೆ ಮೊಬೈಲ್ ರೇಡಿಯೇಶನ್ ಹೀರುತ್ತದೆಯಂತೆ. ತಗೊಳ್ಳಲಾ?

ಉತ್ತರ: ಬೇಡ. ಶುದ್ಧ ಮೋಸ. ನಿಜವಾಗಿಯೂ ಅಲ್ಲಿ ಕರಗಿಸಿದ್ದರೂ, ಬಳೆ ಮಾಡಲು ಇಲ್ಲಿ ಮತ್ತೊಮ್ಮೆ ಕರಗಿಸಿದರೆ ಹಿಂದಿನ ರಚನೆಯೆಲ್ಲ ಅಳಿಸಿಹೋಗುತ್ತದೆ. ಕೊಟ್ಟಾಗಿದ್ದರೆ ದುಡ್ಡು ವಾಪಸ್ ಕೇಳಿ.

ಪ್ರಶ್ನೆ: ಸೀಲ್ ಮಾಡಿದ ಕ್ವಾರ್ಟ್ಜ್ ಕೊಳವೆಯಲ್ಲಿ ಮಿಶ್ರಲೋಹ ಇಟ್ಟು 1200 ಕೆಲ್ವಿನ್‌ಗೆ ಕಾಯಿಸುವ ಯೋಜನೆ ನಮ್ಮದು. ಒಳಗೆ ಗಾಳಿ ಇದ್ದರೆ ಪರವಾಗಿಲ್ವಾ?

ಉತ್ತರ: ಪರವಾಗಿದೆ! 300 ಕೆಲ್ವಿನ್‌ನಲ್ಲಿ ಸೀಲ್ ಮಾಡಿದ ಗಾಳಿಯ ಒತ್ತಡ ಅಲ್ಲಿ ನಾಲ್ಕು ಪಟ್ಟಾಗುತ್ತದೆ, ಲೋಹವೂ ಆಕ್ಸಿಡೈಸ್ ಆಗುತ್ತದೆ. ಒಡೆದರೆ ಚೂರುಗಳು ನೆಲಕ್ಕೆ ಬೀಳುವುದಿಲ್ಲ, ಉಸಿರಾಡುವ ಗಾಳಿಯಲ್ಲೇ ತೇಲುತ್ತವೆ. ಗಾಳಿ ತೆಗೆದು ಸೀಲ್ ಮಾಡಿ, ಹೊರಗೆ ಇನ್ನೊಂದು ಲೋಹದ ಕವಚ ಹಾಕಿ. ಸತು, ಕ್ಯಾಡ್ಮಿಯಂನಂಥ ಬೇಗ ಆವಿಯಾಗುವ ಲೋಹವಿದ್ದರೆ ಅದರ ಆವಿ ಒತ್ತಡದ ಲೆಕ್ಕ ಬೇರೆ ಮಾಡಬೇಕು. ಡ್ರಾಯಿಂಗ್ ಕಳಿಸಿದರೆ ನೋಡುತ್ತೇನೆ, ಮೇಲೆ 'ಅರ್ಜೆಂಟ್' ಅಂತ ಬರೆಯಬೇಡಿ.